ಬಿಸ್ಕತ್ ಡಬ್ಬದಿಂದ ಬಂದ ಚೀಟಿ

ಪಲ್ಪರ್ ನೀರಿನ ವಾಸನೆ ಗೊತ್ತಿಲ್ಲದವರಿಗೆ ಅದನ್ನು ವಿವರಿಸುವುದು ಕಷ್ಟ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ಮೇಲೆ ಉಳಿಯುವ ನೀರು ಗುಂಡಿಯಲ್ಲಿ ನಿಂತು ಹುಳಿಯಾಗುತ್ತದೆ. ಹಳಸಿದ ಬೆಲ್ಲದ ಪಾಕಕ್ಕೆ ಕೊಳೆತ ಸೊಪ್ಪು ಬೆರೆಸಿದ ಹಾಗೆ ಮೂಗಿಗೆ ಬಡಿಯುತ್ತದೆ. ಕಾಫಿ ಎಂದರೆ ಘಮ ಎಂದುಕೊಂಡು ಬರುವ ರೆಸಾರ್ಟಿನ ಜನ ಕಾರಿನ ಗಾಜು ಏರಿಸುವುದು ಅಲ್ಲೇ. ಕಳೆದ ಜನವರಿಯಲ್ಲಿ ಹಾಸನದಿಂದ ಊರಿಗೆ ಹೋಗುತ್ತಿದ್ದೆ. ಆಲೂರು ದಾಟಿ ಸ್ವಲ್ಪ ದೂರ ಹೋದ ಮೇಲೆ ಬಸ್ಸಿನ ಕಿಟಕಿಯಿಂದ ಆ ವಾಸನೆ ನುಗ್ಗಿತು. ನನ್ನ ಬಲಗಾಲು ತನ್ನಷ್ಟಕ್ಕೇ ಕುಣಿಯತೊಡಗಿತು. ಪಕ್ಕದ ಸೀಟಿನ ಹೆಂಗಸು ನೋಡುವಷ್ಟು ನೋಡಿ, "ಯಾಕವ್ವ, ಒಂದಕ್ಕೆ ಹೋಗ್ಬೇಕಾ? ಡ್ರೈವರ್‌ಗೆ ಹೇಳ್ಲಾ?" ಎಂದು ಕೇಳಿದರು. ಇಲ್ಲ ಕಣಮ್ಮ, ಹತ್ತನೇ ಕ್ಲಾಸು ನೆನಪಾಯಿತು ಎಂದರೆ ನನ್ನನ್ನು ಹುಚ್ಚಿ ಅಂದುಕೊಳ್ಳುತ್ತಿದ್ದರು. ಸುಮ್ಮನೆ ಕಾಲನ್ನು ಕೈಯಿಂದ ಒತ್ತಿ ಹಿಡಿದು ಕೂತೆ.

ಏಳೆಂಟು ವರ್ಷದ ಹಿಂದಿನ ಮಾತು. ಕುಂದೂರು ಕಡೆಯ ನಮ್ಮೂರಿನ ಹೈಸ್ಕೂಲಿನಲ್ಲಿ ಓದುತ್ತಿದ್ದೆ. ಸಂಬಳ ಸರ್ಕಾರದ್ದು, ಆಡಳಿತ ಮಂಡಳಿ ಊರಿನದು, ಅಂಥ ಶಾಲೆ. ಮಂಡಳಿಗೆ ಒಬ್ಬರು ಅಧ್ಯಕ್ಷರು. ಹಾಲಿನ ಡೈರಿಗೂ ಅವರೇ, ಆನೆ ಹಾವಳಿ ವಿರುದ್ಧದ ಹೋರಾಟ ಸಮಿತಿಗೂ ಅವರೇ. ಊರಿನಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಅಧ್ಯಕ್ಷರು ಎಂದರೆ ಅವರು. ಅವರಿಗೆ ದೊಡ್ಡ ಎಸ್ಟೇಟು. ನಮಗೆ ನಾಲ್ಕು ಎಕರೆ ಕಾಫಿ, ಮರಕ್ಕೆ ಹಬ್ಬಿಸಿದ ಮೆಣಸು. ನನ್ನ ಬೆಂಚಿನಲ್ಲಿ ಎಂಟನೇ ಕ್ಲಾಸಿನಿಂದ ನನ್ನ ಪಕ್ಕ ಕೂರುತ್ತಿದ್ದವಳು ರೂಪಾ. ಅವಳ ಅಪ್ಪ ತಮ್ಮಯ್ಯಣ್ಣ, ಅಮ್ಮ ಗೌರಕ್ಕ ಇಬ್ಬರೂ ಅಧ್ಯಕ್ಷರ ಎಸ್ಟೇಟಿನಲ್ಲಿ ಕೆಲಸಕ್ಕಿದ್ದರು. ಕೆಲಸದವರಿಗೆಂದು ಅಲ್ಲಿ ಸಾಲಾಗಿ ಕಟ್ಟಿದ ಮನೆಗಳ ಲೈನಿನಲ್ಲೇ ಅವರ ಮನೆ.

ಆ ವರ್ಷ ಹೊಸ ವರ್ಷ ಕಳೆದು ಮೂರೋ ನಾಲ್ಕೋ ದಿನಕ್ಕೆ, ಮಂಜು ಇನ್ನೂ ಬಿಟ್ಟಿರಲಿಲ್ಲ, ತಮ್ಮಯ್ಯಣ್ಣ ಕಣದಲ್ಲಿ ಹರಡಿದ ಕಾಫಿಯ ಮೇಲಿನ ಟಾರ್ಪಾಲು ತೆಗೆಯಲು ಹೊರಟವರು ದಾರಿಯಲ್ಲಿ ಒಂಟಿ ಆನೆಗೆ ಸಿಕ್ಕಿಬಿಟ್ಟರು. ನಮ್ಮ ಕಡೆ ಬೆಳಗಾದರೆ ಎಲ್ಲರೂ ಮೊದಲು ನೋಡುವುದು ಮೊಬೈಲನ್ನು. ಆನೆ ಯಾವ ಎಸ್ಟೇಟಿನಲ್ಲಿ ಇದೆ ಎಂಬ ಮೆಸೇಜು ನೋಡಿಕೊಂಡೇ ಹಾಲು ಹಾಕಲು ಹೋಗುವುದು, ಮಕ್ಕಳನ್ನು ಶಾಲೆಗೆ ಕಳಿಸುವುದು. ಅವತ್ತು ನೆಟ್‌ವರ್ಕ್ ಇರಲಿಲ್ಲ.

ಹೆಣವನ್ನು ಮಗ್ಗೆ ಕಡೆಯ ರಸ್ತೆಯ ಮಧ್ಯೆ ಇಟ್ಟು ಮಧ್ಯಾಹ್ನ ಮೂರರವರೆಗೂ ಜನ ಕೂತರು. ಹೊತ್ತುಕೊಂಡು ಬಂದ ನಾಲ್ವರಲ್ಲಿ ನಮ್ಮಪ್ಪನೂ ಒಬ್ಬರು. ನಾನು ಯೂನಿಫಾರ್ಮಿನಲ್ಲೇ ಹೋಗಿ ಗಂಟಲು ಕಟ್ಟುವವರೆಗೆ ಕೂಗಿದೆ. ಬೇಕೇ ಬೇಕು, ನ್ಯಾಯ ಬೇಕು. ಇದನ್ನು ಯಾಕೆ ಹೇಳುತ್ತೇನೆಂದರೆ, ಆಮೇಲೆ ನನ್ನನ್ನು "ಆನೆ ಪರದವಳು" ಎಂದರು. ನಮ್ಮ ಕಡೆ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ನಾನು ಯಾವತ್ತೂ ಆನೆ ಪರ ಇರಲಿಲ್ಲ ಮಾರಾಯ್ರೆ, ಕತ್ತಲಾದರೆ ಅಂಗಳಕ್ಕೆ ಇಳಿಯಲು ನನಗೂ ಆನೆ ಭಯ ಇತ್ತು.

ಎರಡು ದಿನ ಬಿಟ್ಟು ಡೈರಿ ಮುಂದೆ ಸಭೆ ನಡೆಯಿತು. ಏಪ್ರಿಲಿನಲ್ಲಿ ಬರುವ ಚುನಾವಣೆಗೆ ಊರಿಗೆ ಊರೇ ಬಹಿಷ್ಕಾರ ಎಂದು ತೀರ್ಮಾನವಾಯಿತು. ಶಾಲೆಯ ಗೇಟಿನ ಎದುರು ಬ್ಯಾನರು ಬಿತ್ತು. ತಮ್ಮಯ್ಯಣ್ಣನ ಫೋಟೊ, ಕೆಳಗೆ ಕೆಂಪಕ್ಷರದಲ್ಲಿ "ಆನೆ ಹಿಡಿಯುವ ತನಕ ಓಟಿಲ್ಲ". ಆ ಸಾಲು ನಮ್ಮಪ್ಪ ಬರೆದುಕೊಟ್ಟದ್ದು. ಊಟಕ್ಕೆ ಕೂತಾಗ ಅವ್ವನಿಗೆ ಹೇಳುತ್ತಿದ್ದರು, "ಐದು ವರ್ಷಕ್ಕೊಂದ್ಸಲ ನಮ್ಮ ನೆಪ್ಪಾಯ್ತದೆ ಅವ್ರಿಗೆ. ಅವತ್ತೂ ಕೈ ಮುಗ್ದು ಓಟು ಹಾಕ್ಬುಟ್ರೆ ಇನ್ನೇನ್ ಐತೆ ನಮ್ಮತ್ರ? ಹೇಳು ನೋಡಾನ, ಇನ್ನೇನ್ ಐತೆ?" ನನಗೂ ಅಪ್ಪ ಹೇಳಿದ್ದು ಸರಿ ಅನ್ನಿಸಿತ್ತು, ಒಂದು ವಾರದ ಮಟ್ಟಿಗೆ.

ತಿಥಿ ಕಳೆದ ಮೇಲೆ ರೂಪಾಳಿಗೆ ನೋಟ್ಸು ಕೊಡಲು ಲೈನಿಗೆ ಹೋದೆ. ಗೌರಕ್ಕ ಬಾಗಿಲ ಬಳಿ ಕೂತು ಅಕ್ಕಿ ಆರಿಸುತ್ತಿದ್ದರು. ಒಳಗೆ ಗೋಡೆಯ ಮೊಳೆಗೆ ತಮ್ಮಯ್ಯಣ್ಣನ ಬಿಳಿ ಶರ್ಟು ನೇತಾಡುತ್ತಿತ್ತು. ಆ ಶರ್ಟು ನನಗೆ ಚೆನ್ನಾಗಿ ಗೊತ್ತು. ನಮ್ಮ ಶಾಲೆಯೇ ಊರಿನ ಮತಗಟ್ಟೆ. ಚುನಾವಣೆಯ ದಿನ ರಜೆ ಇದ್ದರೂ ನಾವು ಮಕ್ಕಳು ಕಾಂಪೌಂಡ್ ಹತ್ತಿ ಕೂತು ನೋಡುತ್ತಿದ್ದೆವು. ಬಾಗಿಲು ತೆಗೆಯುವ ಮೊದಲೇ ತಮ್ಮಯ್ಯಣ್ಣ ಇಸ್ತ್ರಿ ಮಾಡಿದ ಆ ಶರ್ಟು ಹಾಕಿಕೊಂಡು ಬಂದು ನಿಂತಿರುತ್ತಿದ್ದರು. ಮೊದಲನೇ ಓಟು ಅವರದೇ ಆಗಬೇಕು. ಒಂದು ಸಲ ಅಧ್ಯಕ್ಷರು ಕಾರಿನಿಂದ ಇಳಿದು ಬಂದಾಗಲೂ ತಮ್ಮಯ್ಯಣ್ಣ ಜಾಗ ಬಿಟ್ಟುಕೊಡಲಿಲ್ಲ. ನಗುತ್ತಾ ನಿಂತೇ ಇದ್ದರು. ಅಧ್ಯಕ್ಷರೂ ನಕ್ಕು ಹಿಂದೆ ನಿಂತರು. ಆಮೇಲೆ ವಾರಗಟ್ಟಲೆ ತಮ್ಮಯ್ಯಣ್ಣ ಸಿಕ್ಕಿದವರಿಗೆಲ್ಲ ಶಾಯಿ ಹಾಕಿದ ಬೆರಳು ತೋರಿಸಿಕೊಂಡು ಓಡಾಡುತ್ತಿದ್ದರು.

ನಾನು ಶರ್ಟು ನೋಡುತ್ತಿರುವುದನ್ನು ಕಂಡು ಗೌರಕ್ಕ ಹೇಳಿದರು, "ಮೀಟಿಂಗಿಗೆ ನಮ್ಮನ್ನ ಯಾರೂ ಕರೀಲಿಲ್ಲ ಕಣವ್ವ. ಫೋಟೊ ಒಂದು ಈಸ್ಕೊಂಡೋದ್ರು. ಓಟಿಲ್ಲ ಅಂತ ಬರ್ಸವ್ರಂತೆ." ಮೊರವನ್ನು ಒಮ್ಮೆ ತಟ್ಟಿದರು. "ವರ್ಸೆಲ್ಲಾ ಅವ್ರು ಕುಂತಿರ್ತರೆ, ನಾವು ನಿಂತಿರ್ತೀವಿ. ಅದೊಂದ್ ದಿನ ಎಲ್ರೂ ನಿಂತ್ಕಬೇಕು. ಅದುಕ್ಕೇ ನಮ್ಮನೆಯೋರ್ಗೆ ಆ ದಿನ ಅಂದ್ರೆ ಅಷ್ಟ್ ಆಸೆ." ರೂಪಾ ಒಳಗಿನಿಂದ, "ಸುಮ್ಕಿರವ್ವ, ಅವ್ಳಪ್ಪನೂ ಕಮಿಟೀಲವ್ರೆ" ಎಂದು ಗದರಿದಳು.

ಅಲ್ಲಿಂದ ಮನೆಗೆ ಬರುವ ಹೊತ್ತಿಗೆ ನನ್ನ ತಲೆ ಕೆಟ್ಟು ಹೋಗಿತ್ತು. ಹೌದಲ್ಲ, ಅವರನ್ನು ಯಾಕೆ ಕೇಳಲಿಲ್ಲ? ಯಾರ ಹೆಸರಿನಲ್ಲಿ ಓಟು ಬಿಡುತ್ತೇವೋ ಆ ಮನುಷ್ಯನಿಗೆ ಓಟೇ ಹಬ್ಬವಾಗಿತ್ತಲ್ಲ? ನನ್ನ ಬಾಯಿ ಮೊದಲೇ ಸುಮ್ಮನಿರುವ ಬಾಯಲ್ಲ. ಮಾರನೇ ದಿನ ಊಟದ ಬಿಡುವಿನಲ್ಲಿ, "ಓಟು ಬಿಡೋದು ತಪ್ಪು ಅನ್ಸುತ್ತೆ ಕಣ್ರೇ" ಎಂದೆ. ಅಷ್ಟೇ ಅಂದದ್ದು. ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗದೆ ಎಲ್ಲರೂ ನನ್ನನ್ನೇ ನೋಡಿದರು. ಹಿಂದಿನ ತಿಂಗಳು ಆನೆ ನುಗ್ಗಿ ಗದ್ದೆಯೆಲ್ಲ ಹಾಳಾಗಿದ್ದ ಮನೆಯ ಹುಡುಗಿ, "ನಿಮ್ಮನೆ ಗದ್ದೆ ತುಳ್ದಿದ್ರೆ ಗೊತ್ತಾಗದು ನಿಂಗೆ, ಆನೆ ಪರ ಮಾತಾಡ್ತೀಯ" ಎಂದು ಡಬ್ಬಿ ಮುಚ್ಚಿ ಎದ್ದು ಹೋದಳು. ಸಂಜೆಯೊಳಗೆ ಇಡೀ ಶಾಲೆಗೆ ನಾನು ಆನೆ ಪರ.

ಜನವರಿ ಕೊನೆಯಲ್ಲಿ ಮತದಾರರ ದಿನ ಬರುತ್ತದೆ. ಮೇಲಿನಿಂದ ಆದೇಶ ಇರುತ್ತದೆ, ಏನಾದರೊಂದು ಸ್ಪರ್ಧೆ ಮಾಡಲೇಬೇಕು. ನಮ್ಮ ಶಾಲೆಯಲ್ಲಿ ಅವತ್ತು ಚರ್ಚಾ ಸ್ಪರ್ಧೆ. ಅದನ್ನು ನಡೆಸುವವರು ಸಮಾಜ ವಿಜ್ಞಾನದ ಪುಟ್ಟರಾಜು ಮೇಷ್ಟ್ರು. ಅವರದೊಂದು ಪದ್ಧತಿ ಇತ್ತು. ಹಳೆಯ ತಗಡಿನ ಬಿಸ್ಕತ್ ಡಬ್ಬದಲ್ಲಿ ಎಂಟು ಚೀಟಿ, ನಾಲ್ಕರಲ್ಲಿ ಪರ, ನಾಲ್ಕರಲ್ಲಿ ವಿರೋಧ. ವೇದಿಕೆ ಮೇಲೇ ಚೀಟಿ ಎತ್ತಬೇಕು, ಯಾರಿಗೂ ತೋರಿಸದೆ ನೋಡಿಕೊಳ್ಳಬೇಕು, ಚೀಟಿ ಹೇಳಿದ ಕಡೆ ಮಾತಾಡಬೇಕು. "ಮಾತಾಡೋದು ನೀವಲ್ಲ, ಚೀಟಿ" ಎಂದು ಪ್ರತಿ ವರ್ಷ ಹೇಳುತ್ತಿದ್ದರು. ಆಗ ನನಗೆ ಅದು ತಮಾಷೆಯಾಗಿ ಕಾಣುತ್ತಿತ್ತು. ಊರಿನ ಮಕ್ಕಳನ್ನು ಊರಿನ ಸಿಟ್ಟಿನಿಂದ ಕಾಯಲು ಆ ಮನುಷ್ಯ ಕಂಡುಕೊಂಡ ದಾರಿ ಅದು ಎಂದು ಅರ್ಥವಾದದ್ದು ತಡವಾಗಿ.

ವಿಷಯವೂ ಮೇಲಿನಿಂದಲೇ ಬಂದಿತ್ತು: ಮತದಾನ ಕಡ್ಡಾಯವಾಗಬೇಕು. ಹಾಲ್‌ನಲ್ಲಿ ಅಧ್ಯಕ್ಷರು, ಮಂಡಳಿಯವರು, ಅಪ್ಪಂದಿರು ಸಾಲಾಗಿ ಕೂತಿದ್ದರು. ನನ್ನ ಸರದಿ ಎಂಟನೆಯದು, ಕೊನೆಯದು. ಡಬ್ಬಕ್ಕೆ ಕೈ ಹಾಕಿದೆ, ಉಳಿದಿದ್ದ ಒಂದೇ ಚೀಟಿ ಸಿಕ್ಕಿತು. ವಿರೋಧ.

ಸುಲಭವಿತ್ತು. ಬಹಿಷ್ಕಾರ ಸರಿ, ನಮ್ಮ ಗೋಳು ಕೇಳುವವರಿಲ್ಲ ಎಂದು ನಾಲ್ಕು ಮಾತು ಬಿಸಿಯಾಗಿ ಹೇಳಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಆನೆ ಪರ ಎಂಬ ಹೆಸರೂ ಅಳಿಸಿ ಹೋಗುತ್ತಿತ್ತು. ಮೂರನೇ ಸಾಲಿನಲ್ಲಿ ಅಪ್ಪ ಕೈಕಟ್ಟಿ ಕೂತಿದ್ದರು. ಕಿಟಕಿಯ ಪಕ್ಕ ರೂಪಾ ಇದ್ದಳು, ಅವತ್ತೇ ಅವಳು ಮತ್ತೆ ಶಾಲೆಗೆ ಬಂದದ್ದು. ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದು ಮೈಕಿನ ಮುಂದೆ ನಿಂತೆ. "ನಾನು ವಿಷಯದ ಪರವಾಗಿ ಮಾತನಾಡುತ್ತೇನೆ" ಎಂದೆ. ಅದು ಬಾಯಿಂದ ಬಂದ ಮೇಲೆ ನನಗೇ ಗಾಬರಿ.

ನನಗಿಂತ ಮೊದಲು ಪರ ಮಾತಾಡಿದವರು ಮತದಾನ ಪವಿತ್ರ ಹಕ್ಕು ಎಂದು ಪುಸ್ತಕದ ಸಾಲು ಒಪ್ಪಿಸಿ ಹೋಗಿದ್ದರು. ದೊಡ್ಡವರು ಆಕಳಿಸಿಕೊಂಡು ಕೇಳಿದ್ದರು. ನಾನು ತಮ್ಮಯ್ಯಣ್ಣನ ಬಿಳಿ ಶರ್ಟಿನಿಂದ ಶುರು ಮಾಡಿದೆ. ಮೊದಲನೇ ಓಟು ಹಾಕುತ್ತಿದ್ದ ಮನುಷ್ಯನ ಫೋಟೊ ಕೆಳಗೆ ಓಟಿಲ್ಲ ಎಂದು ಬರೆದಿದ್ದೇವೆ ಎಂದೆ. ಡೈರಿ ಮುಂದೆ ತೀರ್ಮಾನ ಮಾಡಿದ ದಿನ ಲೈನಿನಿಂದ ಒಬ್ಬರನ್ನೂ ಕರೆದಿರಲಿಲ್ಲ, ಓಟಿನ ದಿನ ಮಾತ್ರ ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುವುದು, ಆ ಒಂದು ದಿನವನ್ನು ಅವರಿಂದ ಕಿತ್ತುಕೊಳ್ಳಲು ನಾವು ಯಾರು ಎಂದೆ. ಇನ್ನೂ ಏನೇನೋ ಅಂದೆ. ಹಾಲ್‌ನಲ್ಲಿ ಗುಸುಗುಸು ಎದ್ದಿತು. "ಏಯ್, ಇಳ್ಸ್ರೀ ಅವ್ಳನ್ನ" ಎಂದು ಯಾರೋ ಕೂಗಿದರು.

ಅಧ್ಯಕ್ಷರು ಎದ್ದು ನಿಂತರು. ಅವರಿಗೆ ಕೋಪ ಬಂದರೆ ದನಿ ಇಳಿಯುತ್ತದೆ. "ಮೇಷ್ಟ್ರೇ, ಈ ಹುಡ್ಗಿಗೆ ಇದನ್ನೆಲ್ಲ ಹೇಳ್ಕೊಟ್ಟೋರು ಯಾರು?" ಎಂದು ಕೇಳಿದರು.

ಪುಟ್ಟರಾಜು ಮೇಷ್ಟ್ರು ಒಂದು ಕ್ಷಣವೂ ತಡ ಮಾಡಲಿಲ್ಲ. "ಯಾರೂ ಇಲ್ಲ ಸ್ವಾಮಿ. ಚೀಟಿ. ಅವ್ಳಿಗೆ ಬಂದಿದ್ದು ಪರ, ಪಾಪ, ಮಾತಾಡ್ಲೇಬೇಕಲ್ಲ" ಎಂದವರೇ ನನ್ನ ಕಡೆ ತಿರುಗಿದರು. "ಅಲ್ವೇನಮ್ಮ ಸಹನಾ?"

ಎಂಟು ಚೀಟಿ, ನಾಲ್ಕು ನಾಲ್ಕು. ನಾನು ಐದನೇ ಪರ. ಅವರೇ ಬರೆದ ಚೀಟಿ, ಅವರಿಗೆ ಗೊತ್ತಿರಲೇಬೇಕು. ಅವರ ಕಣ್ಣು ಹೂಂ ಅನ್ನು ಮಗಳೇ ಎನ್ನುತ್ತಿತ್ತು. ಮೂರನೇ ಸಾಲಿನಲ್ಲಿ ಅಪ್ಪ ತಲೆ ತಗ್ಗಿಸಿಕೊಂಡು ತಮ್ಮ ಕೈಗಳನ್ನೇ ನೋಡುತ್ತಿದ್ದರು. ಅಪ್ಪ ತಲೆ ತಗ್ಗಿಸಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಹೌದು ಸಾರ್" ಎಂದೆ.

ಇಡೀ ಹಾಲ್ ನಕ್ಕಿತು. ಅಧ್ಯಕ್ಷರೂ ನಕ್ಕರು. ಎಲ್ಲರಿಗೂ ಉಸಿರು ಬಂದ ಹಾಗಾಯಿತು. "ಎಲಾ ಇವ್ಳ! ತನ್ನದಲ್ಲದ ಮಾತ್ನ ಎಷ್ಟ್ ಚೆನ್ನಾಗಿ ಆಡಿದ್ಲು! ಲಾಯರ್ ಆಗ್ತೀಯ ಕಣೆ ಮಗ ನೀನು" ಎಂದು ನನ್ನ ತಲೆ ಸವರಿ, ಮೊದಲನೇ ಬಹುಮಾನ ಕೊಟ್ಟರು. ಸ್ಟೀಲಿನ ಮೂರು ಅಂತಸ್ತಿನ ಟಿಫಿನ್ ಕ್ಯಾರಿಯರ್. ಅಪ್ಪ ನಾಲ್ಕು ಜನರ ಮಧ್ಯೆ ನಿಂತು, "ಎದೆ ಧಸಕ್ ಅಂದ್ಬುಡ್ತು ಕಣ್ರಪ್ಪ" ಎಂದು ಬೆವರು ಒರೆಸಿಕೊಂಡು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಮುಖ ನೋಯುವಷ್ಟು ನಗುತ್ತಿದ್ದೆ.

ಕೈ ತೊಳೆಯುವ ನಲ್ಲಿಯ ಹತ್ತಿರ ರೂಪಾ ಸಿಕ್ಕಳು. ಕಣ್ಣು ಕೆಂಪಾಗಿತ್ತು. ನಾನು ಏನೋ ಹೇಳಲು ಬಾಯಿ ತೆಗೆದೆ. ಅವಳು ನನ್ನ ಕೈಯಲ್ಲಿದ್ದ ಕ್ಯಾರಿಯರ್ ನೋಡಿದಳು.

"ನಮ್ಮಪ್ಪನ ಶರ್ಟೂ ಚೀಟೀಲಿ ಬರ್ದಿತ್ತೇನೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದಳು.

ಮಾರನೇ ದಿನದಿಂದ ಅವಳು ಹಿಂದಿನ ಬೆಂಚಿಗೆ ಹೋದಳು. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ರೋಬಸ್ಟಾ ಕಾಫಿ ಕುಯ್ಲಿನ ಕಾಲ, ಊರಿಗೆಲ್ಲ ಆ ಹುಳಿ ವಾಸನೆ. ಓದಲು ಕೂತರೆ ಪುಸ್ತಕ ಹಿಡಿದುಕೊಂಡು ಕಣದ ಸುತ್ತ ತಿರುಗುತ್ತಿದ್ದೆ. ಒಣ ಹಾಕಿದ ಕಾಫಿಯನ್ನು ತುಳಿದುಬಿಟ್ಟು ಅವ್ವನ ಹತ್ತಿರ ಬೈಸಿಕೊಳ್ಳುತ್ತಿದ್ದೆ. "ನಿನ್ ಕಾಲ್ಗೇನು ಗಾಳಿ ಹಿಡ್ದೈತಾ? ಹೆಸರಿಟ್ಟಿರೋದು ಸಹನಾ ಅಂತ, ನೋಡು!" ಎನ್ನುತ್ತಿದ್ದರು ಅವ್ವ. ಅದೇ ಕ್ಯಾರಿಯರಿನಲ್ಲಿ ರೊಟ್ಟಿ ಪಲ್ಯ ಹಾಕಿ ಕಳಿಸುತ್ತಿದ್ದರು. ಅದನ್ನು ಕ್ಲಾಸಿನಲ್ಲಿ ತೆರೆಯಲು ಮನಸ್ಸಾಗದೆ ದಾರಿಯಲ್ಲಿ ನಾಯಿಗೆ ಹಾಕಿ ಬರುತ್ತಿದ್ದೆ. ಚೀಟಿ ಮಾತ್ರ ಜಾಮಿಟ್ರಿ ಬಾಕ್ಸಿನಲ್ಲಿತ್ತು. ಕೈವಾರ ತೆಗೆಯಲು ಹೋದರೆ ಮೊದಲು ಅದೇ ಕಾಣುತ್ತಿತ್ತು. ಹರಿದು ಎಸೆಯಲು ಎಷ್ಟು ಸಲ ಹೋದೆನೋ. ಎಸೆದಿದ್ದರೆ ನಾನು ಹೇಳಿದ್ದು ನನ್ನ ಮಾತು ಎನ್ನುವುದಕ್ಕೆ ನನ್ನ ಹತ್ತಿರವೇ ಸಾಕ್ಷಿ ಉಳಿಯುತ್ತಿರಲಿಲ್ಲ.

ಒಂದು ದಿನ ರೂಪಾಳ ಬೆಂಚಿಗೆ ಹೋಗಿ ಚೀಟಿ ಬಿಡಿಸಿ ಅವಳ ಮುಂದಿಟ್ಟೆ. "ನೋಡು, ನಂಗೆ ಬಂದಿದ್ದು ವಿರೋಧ" ಎಂದೆ.

ಅವಳು ಮುಟ್ಟಲಿಲ್ಲ. "ನಂಗ್ಯಾಕ್ ತೋರಿಸ್ತೀಯ? ಊರ್ ಮುಂದೆ ಅಂದಿದ್ದು ನೀನು. ನನ್ ಕಿವೀಲಿ ಹೇಳಿದ್ರೆ ಏನ್ ಬಂತು?" ಎಂದಳು.

ಅವಳು ಅಂದದ್ದು ಸರಿಯಾಗಿತ್ತು. ಅದಕ್ಕೇ ಇನ್ನೂ ಸಿಟ್ಟು ಬಂತು. ಬೀಳ್ಕೊಡುಗೆ ಸಮಾರಂಭಕ್ಕೆ ಇನ್ನು ಎರಡೇ ವಾರವಿತ್ತು.

ಫೆಬ್ರವರಿ ಕೊನೆಯಲ್ಲಿ ಹತ್ತನೇ ಕ್ಲಾಸಿನವರಿಗೆ ಬೀಳ್ಕೊಡುಗೆ. ಉಪ್ಪಿಟ್ಟು, ಕೇಸರಿಬಾತು, ಹೊಸ ಸೀರೆ ಉಟ್ಟ ಮಿಸ್‌ಗಳು, ಚರ್ಚೆ ನಡೆದ ಅದೇ ಹಾಲ್, ಅದೇ ಸಾಲು ಕುರ್ಚಿ. ಒಬ್ಬೊಬ್ಬರೇ ಹೋಗಿ ಶಾಲೆಗೆ ಕೃತಜ್ಞತೆ ಹೇಳಿ ಎರಡು ಹನಿ ಕಣ್ಣೀರು ಹಾಕಿ ಬರುವುದು ವಾಡಿಕೆ. ನಾನು ಕ್ಯಾರಿಯರನ್ನು ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ನನ್ನ ಹೆಸರು ಕರೆದಾಗ ಚೀಲದ ಸಮೇತ ಹತ್ತಿದೆ. ಬಹಳ ಉದ್ದದ ಮಾತು ಬರೆದುಕೊಂಡಿದ್ದೆ, ಒಂದೂ ನೆನಪಾಗಲಿಲ್ಲ.

"ಅವತ್ತು ನಂಗೆ ಬಂದಿದ್ದು ವಿರೋಧ ಅನ್ನೋ ಚೀಟಿ. ಇಲ್ಲಿದೆ. ನಾನು ಆಡಿದ್ದು ನನ್ನದೇ ಮಾತು. ಚೀಟಿ ಅಂದಿದ್ದು ಸುಳ್ಳು. ತಮ್ಮಯ್ಯಣ್ಣನ ಹೆಸರಲ್ಲಿ ಓಟು ಬಿಡೋದು ತಪ್ಪು ಅಂತ ನಂಗೆ ಇವತ್ತೂ ಅನ್ಸುತ್ತೆ" ಎಂದು ಹೇಳಿ, ಕ್ಯಾರಿಯರನ್ನು ಮೇಜಿನ ಮೇಲೆ ಇಟ್ಟೆ. ಮೈಕಿನಲ್ಲಿ ಆ ಸದ್ದು ಠಣ್ ಎಂದು ದೊಡ್ಡದಾಗಿ ಕೇಳಿಸಿತು.

ನಾನು ಎಷ್ಟು ಸಲ ಆ ದೃಶ್ಯವನ್ನು ಮನಸ್ಸಿನಲ್ಲಿ ಆಡಿಸಿ ನೋಡಿದ್ದೆನೋ. ಅಧ್ಯಕ್ಷರು ಬೈಯುತ್ತಾರೆ, ಅಪ್ಪ ಎದ್ದು ಹೋಗುತ್ತಾರೆ, ರೂಪಾ ಅಳುತ್ತಾಳೆ. ಒಂದನ್ನು ಮಾತ್ರ ಯೋಚಿಸಿರಲಿಲ್ಲ. ಅಧ್ಯಕ್ಷರು ನನ್ನ ಕಡೆ ನೋಡಲೇ ಇಲ್ಲ. ಮೆಲ್ಲಗೆ ತಿರುಗಿ, "ಹಂಗಾದ್ರೆ ಅವತ್ತು ಸುಳ್ಳು ಹೇಳಿದ್ದು ನೀವಾ ಮೇಷ್ಟ್ರೇ?" ಎಂದು ಕೇಳಿದರು. ಪುಟ್ಟರಾಜು ಮೇಷ್ಟ್ರು ಎದ್ದು ನಿಂತು, ಅಷ್ಟು ಮಕ್ಕಳ ಮುಂದೆ, "ತಪ್ಪಾಯ್ತು ಸ್ವಾಮಿ" ಎಂದರು. ನನ್ನ ಸತ್ಯಕ್ಕೆ ಅವರು ಬೆಲೆ ತೆತ್ತರು. ಹದಿನಾರು ವರ್ಷದ ನನ್ನ ಬುದ್ಧಿಗೆ ಅದು ಹೊಳೆದೇ ಇರಲಿಲ್ಲ. ಸಮಾರಂಭ ಮುಗಿದ ಮೇಲೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕ್ಷಮೆ ಕೇಳಿದೆ. ಅವರು ಉತ್ತರ ಪತ್ರಿಕೆ ಜೋಡಿಸುತ್ತಾ, "ನಿನ್ನ ಉಳ್ಸೋಣ ಅಂತ ಹೇಳ್ದೆ ಕಣಮ್ಮ. ನಿಂಗೆ ಬೇಡವಾಗಿತ್ತು ಅಂತ ಗೊತ್ತಿರ್ಲಿಲ್ಲ. ಹೋಗು, ಓದ್ಕೋ" ಎಂದರು. ಸಿಟ್ಟಿನಿಂದ ಹೇಳಿದ್ದರೆ ಇಷ್ಟು ವರ್ಷ ಕಾಡುತ್ತಿರಲಿಲ್ಲ. ಮುಂದಿನ ವರ್ಷದಿಂದ ನಮ್ಮ ಶಾಲೆಯಲ್ಲಿ ಚರ್ಚಾ ಸ್ಪರ್ಧೆ ನಿಂತಿತು. ಮತದಾರರ ದಿನಕ್ಕೆ ಈಗ ರಂಗೋಲಿ ಬಿಡಿಸುತ್ತಾರಂತೆ.

ಮನೆಯಲ್ಲಿ ಅಪ್ಪ ಹೊಡೆಯುತ್ತಾರೆ ಎಂದುಕೊಂಡಿದ್ದೆ. ಹೊಡೆಯಲಿಲ್ಲ. ಜಗಲಿಯಲ್ಲಿ ಕೂತಿದ್ದವರು ನನ್ನನ್ನು ಕರೆದು ಎದುರಿಗೆ ನಿಲ್ಲಿಸಿಕೊಂಡರು.

"ನಿಂಗೆ ಶರ್ಟು ನೆಪ್ಪೈತೆ. ಅವನ ಹೆಣ ಹೊತ್ತೋನು ನಾನು ಕಣೆ. ಈ ಭುಜದ ಮ್ಯಾಲೆ ಹೊತ್ತಿದ್ದೆ, ಏನೂ ಉಳ್ದಿರ್ಲಿಲ್ಲ ಅದ್ರಲ್ಲಿ. ಇನ್ನೊಬ್ಬನ್ನ ಹಂಗೆ ಹೊರಬಾರ್ದು ಅಂತ ನಾನು ಓಟು ಬಿಡ್ತಿರೋದು. ನಿಂಗೆ ಅದು ತಪ್ಪಾಗಿ ಕಾಣ್ತದೆ" ಎಂದರು.

ಯಾರು ಸರಿ ಎಂದು ಇವತ್ತು ಕೇಳಿದರೂ ನಾನು 'ನಾನೇ' ಎಂದು ಎದೆ ತಟ್ಟಿ ಹೇಳಲಾರೆ. ಅವತ್ತು ನನಗೆ ಹಾಗೆ ಅನ್ನಿಸಿತ್ತು ಎಂಬುದಷ್ಟೇ ನನ್ನದು. ಅಪ್ಪ ಆಮೇಲೆ ಎರಡು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಏನಾದರೂ ಹೇಳಬೇಕಾದರೆ ಅವ್ವನಿಗೆ ಹೇಳುತ್ತಿದ್ದರು, "ಅವ್ಳಿಗೆ ಪೆನ್ನು ಬೇಕೇನೋ ಕೇಳು."

ಮಾರ್ಚಿನಲ್ಲಿ ಒಂದು ಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಹೂವಾಯಿತು. ಅದರ ಹಿಂದೆಯೇ ಪರೀಕ್ಷೆ ಬಂತು. ಸೆಂಟರು ಆಲೂರಿನಲ್ಲಿ. ಆನೆ ಭಯಕ್ಕೆ ನಮ್ಮನ್ನೆಲ್ಲ ರಫೀಕಣ್ಣನ ಜೀಪಿನಲ್ಲಿ ಒಟ್ಟಿಗೆ ಕಳಿಸುತ್ತಿದ್ದರು. ಮೊದಲನೇ ದಿನ ಜೀಪು ಹತ್ತಿದರೆ ಯಾರೂ ಸರಿಯಲಿಲ್ಲ. ಜಾಗ ಇತ್ತು, ಚೀಲ ಇಟ್ಟುಕೊಂಡಿದ್ದರು. ನಾನೂ ಕೇಳಲಿಲ್ಲ, ನನ್ನ ಸೊಕ್ಕು ನನಗೆ. ಹಿಂದಿನ ಮೆಟ್ಟಿಲ ಹತ್ತಿರ ಕಂಬಿ ಹಿಡಿದು ಬಗ್ಗಿ ನಿಂತೆ. ರಫೀಕಣ್ಣ ಕನ್ನಡಿಯಲ್ಲಿ ನೋಡಿ, "ಅಲ್ಲಾ ಮಾರಾಯ್ತಿ, ಸೀಟು ಐತಲ್ಲ, ನಿಂತ್ಕೊಂಡು ಎಲ್ಗೆ ಹೊಂಟೆ? ಎಲ್ರೂ ಒಂಚೂರು ಸರ್ಕೊಳ್ರಮ್ಮ" ಎಂದರು. ಯಾರೂ ಸರಿಯಲಿಲ್ಲ. ರೂಪಾ ಮೂಲೆಯಲ್ಲಿ ಕೂತು ಕಣ್ಣು ಮುಚ್ಚಿ ಬಾಯಿಪಾಠ ಮಾಡುತ್ತಿದ್ದಳು. ಅವಳೂ ಸರಿಯಲಿಲ್ಲ. ಆರೂ ದಿನ ನಾನು ನಿಂತೇ ಹೋಗಿ ಬಂದೆ. ಪರೀಕ್ಷೆ ಬರೆಯುವಾಗಲೂ ಜೀಪಿನ ಅಲುಗಾಟ ಮೈಯಲ್ಲಿ ಇರುತ್ತಿತ್ತು.

ಏಪ್ರಿಲಿನಲ್ಲಿ ಚುನಾವಣೆಯ ದಿನ ಬಂತು. ಬೆಳಿಗ್ಗೆ ಏಳಕ್ಕೆ ಶಾಲೆಯ ಬಾಗಿಲು ತೆರೆದರು. ಮೊದಲನೇ ಓಟು ಹಾಕಲು ಯಾರೂ ಇರಲಿಲ್ಲ. ರಸ್ತೆಯ ಆಚೆ ಸಮಿತಿಯವರು ಶಾಮಿಯಾನ ಹಾಕಿಸಿ, ಕುರ್ಚಿ ಹಾಕಿಕೊಂಡು, ಫ್ಲಾಸ್ಕಿನಲ್ಲಿ ಕಾಫಿ ತರಿಸಿಕೊಂಡು ಕೂತಿದ್ದರು. ಯಾರನ್ನೂ ತಡೆಯುವುದಿಲ್ಲ ಎಂದು ಪೊಲೀಸರಿಗೆ ಹೇಳಿದ್ದರು. ತಡೆಯುವ ಅಗತ್ಯವೂ ಇರಲಿಲ್ಲ. ಅಷ್ಟು ಕುರ್ಚಿಗಳ ಮುಂದೆ ಹಾದು ಹೋಗುವ ಧೈರ್ಯ ಯಾರಿಗಿತ್ತು? ಅಪ್ಪ ಕೊನೆಯ ಕುರ್ಚಿಯಲ್ಲಿ ಕೂತಿದ್ದರು. ನನಗೆ ಓಟು ಇರಲಿಲ್ಲ, ಹೋಗಲು ಕಾರಣವೂ ಇರಲಿಲ್ಲ. ಆದರೂ ಮನೆಯಲ್ಲಿ ಕಾಲು ನಿಲ್ಲದೆ ಹತ್ತು ಗಂಟೆಗೆ ಬಂದು ಶಾಲೆಯ ಗೇಟಿನ ಪಕ್ಕ, ಬ್ಯಾನರಿನ ಕೆಳಗೆ ನಿಂತಿದ್ದೆ. ಒಳಗೆ ಅಧಿಕಾರಿಗಳು ತೂಕಡಿಸುತ್ತಿದ್ದರು.

ಹತ್ತೂವರೆಗೆ ಎಸ್ಟೇಟ್ ಕಡೆಯ ತಿರುವಿನಲ್ಲಿ ಇಬ್ಬರು ಕಂಡರು. ನಮ್ಮ ಕಡೆ ಹೆಂಗಸರು ತೋಟದ ಕೆಲಸಕ್ಕೆ ಹೋಗುವಾಗ ಸೀರೆಯ ಮೇಲೆ ಗಂಡಸರ ಹಳೆಯ ಶರ್ಟು ಹಾಕಿಕೊಳ್ಳುತ್ತಾರೆ. ಗೌರಕ್ಕನೂ ಹಾಗೇ ಸೀರೆಯ ಮೇಲೆ ಶರ್ಟು ಹಾಕಿಕೊಂಡು ಬರುತ್ತಿದ್ದರು. ಹತ್ತಿರ ಬಂದ ಮೇಲೆ ಗೊತ್ತಾಯಿತು, ಅದು ಕೆಲಸದ ಶರ್ಟಲ್ಲ. ಬಿಳಿಯದು, ಇಸ್ತ್ರಿ ಮಾಡಿದ್ದು, ತೋಳು ಉದ್ದವಾಗಿ ಎರಡು ಮಡಿಕೆ ಮಡಚಿತ್ತು. ಪಕ್ಕದಲ್ಲಿ ರೂಪಾ ಇದ್ದಳು.

ಅಧ್ಯಕ್ಷರು ಕುರ್ಚಿಯಿಂದ ಏಳದೆ, ಆದರೆ ಕಕ್ಕುಲಾತಿಯಿಂದಲೇ, "ಗೌರಿ, ನಾವೆಲ್ಲ ಹಿಂಗೆ ಕೂತಿರೋದು ನಿನ್ ಗಂಡನಿಗೋಸ್ಕರ ಕಣಮ್ಮ" ಎಂದರು.

ಗೌರಕ್ಕ ಸೆರಗು ಸರಿಮಾಡಿಕೊಂಡರು. ಕೆಲಸವೂ ಮನೆಯೂ ಅಧ್ಯಕ್ಷರು ಕೊಟ್ಟದ್ದು, ಅದು ಗೌರಕ್ಕನಿಗೂ ಗೊತ್ತಿತ್ತು, ನೋಡುತ್ತಿದ್ದ ನಮಗೆಲ್ಲರಿಗೂ ಗೊತ್ತಿತ್ತು. "ಗೊತ್ತೈತೆ ಸಾವ್ಕಾರ್ರೆ. ನಾನೂ ಅವ್ರಿಗೋಸ್ಕರಾನೇ ಬಂದೆ" ಎಂದು ಹೇಳಿ ಗೇಟಿನ ಕಡೆ ನಡೆದರು.

ಆ ದಿನ ಒಟ್ಟು ಎಷ್ಟು ಓಟು ಬಿತ್ತು, ಆಮೇಲೆ ಎಷ್ಟು ಆನೆ ಹಿಡಿದರು, ಎಷ್ಟು ಹೊಸದಾಗಿ ಬಂದವು ಎಂಬ ಲೆಕ್ಕವನ್ನು ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನನಗೆ ನೆನಪಿರುವುದು ಬೇರೆ. ಗೌರಕ್ಕ ಒಳಗೆ ಹೋಗಿ ಬಾಗಿಲ ಮುಂದೆ ನಿಂತರು. ಅವರ ಹಿಂದೆ ರೂಪಾ ನಿಂತಳು. ಅಷ್ಟು ಉದ್ದದ ಖಾಲಿ ಅಂಗಳದಲ್ಲಿ ಅವರಿಬ್ಬರದೇ ಸಾಲು. ನನ್ನ ಕಾಲು ತನ್ನಷ್ಟಕ್ಕೇ ಹೊರಟಿತು. ಹೋಗಿ ರೂಪಾಳ ಹಿಂದೆ ನಿಂತುಬಿಟ್ಟೆ. ಅವಳು ತಿರುಗಿ ನೋಡಲಿಲ್ಲ.

ಕಾನ್‌ಸ್ಟೇಬಲ್ ಒಬ್ಬ ಲಾಠಿ ಕಂಕುಳಲ್ಲಿ ಇಟ್ಟುಕೊಂಡು ಬಂದ. "ಏನಮ್ಮ, ಓಟು ಐತಾ ನಿಂಗೆ?" ಎಂದು ನನ್ನನ್ನು ಕೇಳಿದ.

"ಇಲ್ಲ."

"ಮತ್ತೆ ಇಲ್ಯಾಕ್ ನಿಂತಿದ್ದೀಯ? ಯಾರ ಜೊತೆ ಬಂದಿದ್ದು ನೀನು?"

ನಾನು ಗೇಟಿನ ಕಡೆ ನೋಡಿದೆ. ಅಪ್ಪ ಕುರ್ಚಿ ಬಿಟ್ಟು ಎದ್ದು ರಸ್ತೆ ದಾಟಿ ಬಂದಿದ್ದರು. ನನ್ನನ್ನು ಮನೆಗೆ ಕರೆದುಕೊಂಡು ಹೋಗಲೆಂದೇ ಬಂದಿದ್ದರು. ಗೇಟಿನ ಕಂಬಿ ಹಿಡಿದುಕೊಂಡು, ನನ್ನ ಮಗಳು ಎಂದು ಹೇಳಲು ಬಾಯಿ ತೆರೆದಿದ್ದರು. ಎರಡು ತಿಂಗಳಾದ ಮೇಲೆ ಅವರು ನನ್ನನ್ನು ನೇರವಾಗಿ ನೋಡಿದ್ದು ಅವತ್ತೇ. ಅವರು ಕರೆದರೆ ನಾನು ಹೋಗಿಬಿಡುತ್ತೇನೆ ಎಂದು ನನಗೆ ಗೊತ್ತಿತ್ತು. ಅಷ್ಟು ಸಾಕಾಗಿ ಹೋಗಿತ್ತು ನನಗೆ.

ರೂಪಾ ಮುಂದೆ ನೋಡುತ್ತಲೇ ಹೇಳಿದಳು, "ನಮ್ ಜೊತೆ ಬಂದವ್ಳು ಸಾರ್."

ಅಪ್ಪನಿಗೂ ಕೇಳಿಸಿತು.